ತಲೆ ಸ್ವಲ್ಪ ಸುತ್ತಲಿ ಬಿಡಿ

ತುಮಕೂರಿನಲ್ಲಿ ಹಿರಿಯರ ಸಭೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.

ಗುಬ್ಬಿ ಕಡೆಯ ಒಬ್ಬ ಅಜ್ಜಿಯಿಂದ ಶುರು ಮಾಡುತ್ತೇನೆ. ವಯಸ್ಸು 70ರ ಹತ್ತಿರ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಸೂರು ಗಿರಗಿರ ತಿರುಗುತ್ತಿತ್ತು. ‘ಮಲಿಕ್ಕಂಡ್ರೆ ಮನೆನೇ ತಿರುಗ್ತದೆ ಕಣಮ್ಮ’ ಅಂದರು. ಪರೀಕ್ಷೆ ಮಾಡಿದೆ. ಒಳಗಿವಿಯ ಹರಳು ಜಾಗ ಬಿಟ್ಟಿತ್ತು. ತಲೆಯನ್ನು ಒಂದೊಂದು ಕಡೆಗೆ ತಿರುಗಿಸಿ, ಮಲಗಿಸಿ, ಎಬ್ಬಿಸಿ, ಹರಳನ್ನು ವಾಪಸ್ ಕಳಿಸಿದೆ. ಹತ್ತು ನಿಮಿಷದ ಕೆಲಸ. ಅಜ್ಜಿ ಎದ್ದು ಕೂತು ‘ಹೋಯ್ತಲ್ಲಮ್ಮ!’ ಅಂದರು. ನನಗೂ ಖುಷಿ.

ಮೂರು ವಾರ ಬಿಟ್ಟು ಮಗ ಮತ್ತೆ ಕರೆದುಕೊಂಡು ಬಂದ. ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮತ್ತೆ ಪರೀಕ್ಷೆ ಮಾಡಿದೆ. ಕಿವಿ ಚೆನ್ನಾಗಿದೆ, ಹರಳಿನ ಸುದ್ದಿಯೇ ಇಲ್ಲ. ಹಾಗಾದರೆ ಏನಾಯಿತು? ವಿಚಾರಿಸಿದಾಗ ಗೊತ್ತಾಯಿತು, ಮೂರು ವಾರದಿಂದ ಅವರು ಮಲಗಿಯೇ ಇಲ್ಲ. ಈಜಿ ಚೇರಿನಲ್ಲಿ ಕೂತೇ ನಿದ್ದೆ. ಕುತ್ತಿಗೆಗೆ ಪಟ್ಟಿ. ಯಾರಾದರೂ ಕರೆದರೆ ಕತ್ತು ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ. ಕುಡಿಯುವ ನೀರನ್ನೂ ಸೊಸೆ ಕೂತಲ್ಲಿಗೇ ತಂದು ಕೊಡುತ್ತಿದ್ದಳು. ಸೊಸೆಯ ತಪ್ಪಲ್ಲ, ಅದು ಅಕ್ಕರೆ. ಅಜ್ಜಿಯ ತಪ್ಪೂ ಅಲ್ಲ. ಮನೆಗೆ ಹೋದ ಮೇಲೆ ಹೇಗಿರಬೇಕು ಅಂತ ನಾನೇ ಸರಿಯಾಗಿ ಹೇಳಿ ಕಳಿಸಿರಲಿಲ್ಲ. ‘ಎರಡು ದಿನ ಹುಷಾರಾಗಿರಿ’ ಅಂದಿದ್ದೆ ಅಷ್ಟೆ. ಹುಷಾರಾಗಿರಿ ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಆವತ್ತು ನಾನು ಹೇಳದೆ ಬಿಟ್ಟದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಒಂದು ವಿಷಯ. ತಲೆ ಸುತ್ತು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ಒಂದೇ ಕಾಯಿಲೆ ಅಲ್ಲ. ಆದರೆ ನಮ್ಮ ಜನ ಅದನ್ನು ವಿವರಿಸುವ ಮಾತಿನಲ್ಲೇ ಅರ್ಧ ರೋಗ ಪತ್ತೆಯಾಗುತ್ತದೆ. ‘ಗಿರ್ ಅಂತ ತಿರುಗುತ್ತೆ’ ಅಂದರೆ ನಾನು ಕಿವಿಯ ಕಡೆ ನೋಡುತ್ತೇನೆ. ‘ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ’ ಅಂದರೆ ಬಿಪಿ ನೋಡಬೇಕು. ‘ನಡೆಯುವಾಗ ಜೋಲಿ ಹೊಡೆಯುತ್ತೆ’ ಅಂದರೆ ಕಾಲು, ನರ, ಸಕ್ಕರೆ ಕಾಯಿಲೆ, ಕಣ್ಣು ಎಲ್ಲವನ್ನೂ ನೋಡಬೇಕು. ‘ಪಿತ್ತ ಕಣಮ್ಮ, ನಿಂಬೆ ಪಾನಕ ಕುಡಿದೆ’ ಅಂತ ಹೇಳುವವರೂ ಇದ್ದಾರೆ. ಕುಡಿಯಿರಿ, ತೊಂದರೆ ಇಲ್ಲ. ಆದರೆ ಪಾನಕದಿಂದ ಹರಳು ಜಾಗಕ್ಕೆ ಹೋಗುವುದಿಲ್ಲ.

ಹರಳು ಹರಳು ಅನ್ನುತ್ತಿದ್ದೇನೆ, ಏನದು? ಮೇಸ್ತ್ರಿಗಳ ಹತ್ತಿರ ರಸಮಟ್ಟ ಇರುತ್ತದಲ್ಲ, ಗಾಜಿನ ಕೊಳವೆಯಲ್ಲಿ ದ್ರವ, ಅದರಲ್ಲೊಂದು ಗುಳ್ಳೆ. ಹೆಚ್ಚು ಕಡಿಮೆ ಅಂಥದ್ದೇ ಏರ್ಪಾಡು ಒಳಗಿವಿಯಲ್ಲಿದೆ. ಒಂದೊಂದು ಕಿವಿಯಲ್ಲಿ ಮೂರು ಅರ್ಧವೃತ್ತದ ನಾಳ, ಒಳಗೆ ದ್ರವ. ತಲೆ ತಿರುಗಿದಾಗ ದ್ರವ ಹರಿಯುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಒಂದು ಚೀಲ. ಅದರಲ್ಲಿ ಅಂಟಿನಂಥ ಪೊರೆಯ ಮೇಲೆ ಪುಟ್ಟ ಪುಟ್ಟ ಹರಳು. ಕ್ಯಾಲ್ಸಿಯಂ ಕಾರ್ಬೊನೇಟು, ಅಂದರೆ ಸುಣ್ಣದ ಕಲ್ಲು ಯಾವುದರಿಂದ ಆಗಿದೆಯೋ ಅದೇ. ಎಲೆ ಅಡಿಕೆ ಹಾಕುವವರು ನಗುತ್ತಿದ್ದೀರಿ. ಇಲ್ಲ, ನೀವು ತಿಂದ ಸುಣ್ಣ ಕಿವಿಗೆ ಹೋಗುವುದಿಲ್ಲ! ವಯಸ್ಸಾದಾಗಲೋ, ತಲೆಗೆ ಪೆಟ್ಟು ಬಿದ್ದಾಗಲೋ, ಎಷ್ಟೋ ಸಲ ಯಾವ ಕಾರಣವೂ ಸಿಗದೆ, ಈ ಹರಳು ಕಳಚಿ ನಾಳದೊಳಗೆ ಸೇರಿಕೊಳ್ಳುತ್ತದೆ. ಆಗ ತಲೆ ಸ್ವಲ್ಪ ಅಲುಗಿದರೂ ‘ಲೋಕವೇ ತಿರುಗುತ್ತಿದೆ’ ಅಂತ ಸುಳ್ಳು ಸುದ್ದಿ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಮತ್ತೆ ಅಲುಗಿದರೆ ಮತ್ತೆ ಶುರು.

ಇದರ ಹಿಂದೆ ಒಂದು ಕಥೆಯಿದೆ, ಹೇಳಿಬಿಡುತ್ತೇನೆ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಅಂತ ಒಬ್ಬ ಕಿವಿ ವೈದ್ಯ ಇದ್ದರು. ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದರು. ನೀರು ತಣ್ಣಗಿದ್ದರೆ ತಲೆ ಸುತ್ತು, ಕಣ್ಣುಗುಡ್ಡೆ ಒಂದು ಕಡೆಗೆ ಎಳೆದು ಎಳೆದು ಅಲ್ಲಾಡುತ್ತಿತ್ತು. ನೀರು ಬಿಸಿ ಜಾಸ್ತಿಯಾದರೆ ಅದೇ ಅಲ್ಲಾಟ ಇನ್ನೊಂದು ಕಡೆಗೆ. ಬೇರೆಯವರಾಗಿದ್ದರೆ ನೀರು ಹದ ಮಾಡಿಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಇವರು ಬೆನ್ನು ಹತ್ತಿದರು. ಒಳಗಿವಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ತಿಳಿಸಿಕೊಟ್ಟಿದ್ದಕ್ಕೆ 1914ರ ನೊಬೆಲ್ ಬಂತು. ಆ ಸುದ್ದಿ ಬಂದಾಗ ಅವರು ಯುದ್ಧ ಕೈದಿಯಾಗಿ ರಷ್ಯಾದಲ್ಲಿದ್ದರು. ಇನ್ನು ಹರಳನ್ನು ತಲೆ ತಿರುಗಿಸಿಯೇ ವಾಪಸ್ ಕಳಿಸಬಹುದು ಅಂತ ತೋರಿಸಿದ್ದು ಅಮೆರಿಕದ ಜಾನ್ ಎಪ್ಲಿ. ‘ತಲೆ ತಿರುಗಿಸಿದರೆ ತಲೆ ಸುತ್ತು ಹೋಗುತ್ತದಂತೆ’ ಅಂತ ಮೊದಮೊದಲು ಜೊತೆಯ ವೈದ್ಯರೇ ನಂಬಲಿಲ್ಲ. 1992ರಲ್ಲಿ ಅವರು ಬರೆದ ಲೇಖನ ಈಗ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಪಾಠ.

ಸರಿ, ಚಿಕಿತ್ಸೆ ಆಯಿತು, ನೀವು ಮನೆಗೆ ಬಂದಿರಿ. ಮುಂದೆ?

ಆ ರಾತ್ರಿ ಮಲಗಿ. ಕೂತು ನಿದ್ದೆ ಮಾಡಬೇಕು, ನಾಲ್ಕು ದಿಂಬು ಇಡಬೇಕು, ಆ ಮಗ್ಗುಲಿಗೆ ಹೊರಳಲೇಬಾರದು ಅಂತೆಲ್ಲ ಹಿಂದೆ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ. ಆಮೇಲೆ ಹೋಲಿಸಿ ನೋಡಿದಾಗ ಕಟ್ಟುಪಾಡು ಮಾಡಿದವರಿಗೂ ಮಾಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2017ರ ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಮಾರ್ಗಸೂಚಿ ಈ ನಿರ್ಬಂಧಗಳು ಬೇಡ ಅಂತಲೇ ಹೇಳುತ್ತದೆ. ನಿಮ್ಮ ವೈದ್ಯರು ನಿಮಗೆ ಅಂತ ಬೇರೆ ಏನಾದರೂ ಹೇಳಿದ್ದರೆ ಅವರ ಮಾತು ಕೇಳಿ. ಹೇಳದಿದ್ದರೆ ನೀವಾಗಿಯೇ ಕಟ್ಟುಪಾಡು ಹುಟ್ಟಿಸಿಕೊಳ್ಳಬೇಡಿ. ಕುತ್ತಿಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ತಲೆ ಸುತ್ತಿಗೆ ಅಂತ ಕಟ್ಟಿದ್ದು, ಕೊನೆಗೆ ಕುತ್ತಿಗೆ ಬಿಗಿದು ಅದೊಂದು ಹೊಸ ನೋವು.

ಹರಳು ಜಾಗಕ್ಕೆ ಹೋದ ಮೇಲೂ ಕೆಲವು ದಿನ, ಕೆಲವರಿಗೆ ಎರಡು ವಾರ, ತಲೆ ಹಗುರ ಹಗುರ ಅನ್ನಿಸುತ್ತದೆ. ಹತ್ತಿಯ ಮೇಲೆ ನಡೆದ ಹಾಗೆ. ದೋಣಿಯಿಂದ ಈಗಷ್ಟೇ ಇಳಿದ ಹಾಗೆ. ಇದು ಸಹಜ. ‘ಚಿಕಿತ್ಸೆ ಹಿಡಿಯಲಿಲ್ಲ’ ಅಂತ ಗಾಬರಿಯಾಗಿ ಮೂಲೆ ಸೇರಬೇಡಿ. ನಮ್ಮ ಅಜ್ಜಿ ಎಡವಿದ್ದು ಇಲ್ಲೇ.

ಯಾಕೆ ಅಂತ ಹೇಳಬೇಕು. ಜೋಡೆತ್ತಿನ ಗಾಡಿ ನೆನಪಿಸಿಕೊಳ್ಳಿ. ಒಂದು ಎತ್ತು ಕುಂಟಿದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಎರಡು ಕಿವಿ ಅಂದರೆ ಎರಡು ಎತ್ತು. ಹರಳಿನದ್ದಲ್ಲದ ಇನ್ನೊಂದು ಕಾಯಿಲೆಯಲ್ಲಿ, ಒಂದು ಕಿವಿಯ ನರಕ್ಕೆ ಊತ ಬಂದು ಸೋತರೆ, ಮೊದಲ ಕೆಲವು ದಿನ ಹಾಸಿಗೆಯಿಂದ ಏಳಲೂ ಆಗುವುದಿಲ್ಲ. ವಾಂತಿ ಬೇರೆ. ಆ ಎತ್ತು ಪೂರ್ತಿ ಸರಿಹೋಗದೇ ಇರಬಹುದು. ಆದರೆ ಗಾಡಿ ಹೊಡೆಯುವವನು, ಅಂದರೆ ಮಿದುಳು, ಸ್ವಲ್ಪ ದಿನದಲ್ಲಿ ಕಲಿಯುತ್ತಾನೆ. ಈ ಎತ್ತನ್ನು ಎಷ್ಟು ನಂಬಬೇಕು, ಹಗ್ಗ ಎಷ್ಟು ಎಳೆಯಬೇಕು ಅಂತ. ಹೇಗೆ ಕಲಿಯುತ್ತಾನೆ? ಗಾಡಿ ಓಡಿಸಿಯೇ. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಟ್ಟರೆ ಯಾವ ಕಾಲಕ್ಕೂ ಕಲಿಯುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್, ಕುಕ್ಸಿ ಅಂತ ಇಬ್ಬರು ವೈದ್ಯರು ತಲೆಗೆ ಪೆಟ್ಟಾದವರನ್ನು, ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದವರಿಗಿಂತ ಬೇಗ ಎದ್ದು ಓಡಾಡಿದವರು ಬೇಗ ಸುಧಾರಿಸುವುದನ್ನು ಕಂಡು, ಕಣ್ಣು, ತಲೆ, ಮೈ ಆಡಿಸುವ ವ್ಯಾಯಾಮಗಳನ್ನು ಜೋಡಿಸಿದರು. ಇವತ್ತಿಗೂ ಎಷ್ಟೋ ಆಸ್ಪತ್ರೆಗಳಲ್ಲಿ ಕೊಡುವ ವ್ಯಾಯಾಮದ ಹಾಳೆ ಅದರದ್ದೇ ಮೊಮ್ಮಗು. ಅಷ್ಟು ದೂರ ಯಾಕೆ, ಸೋಮನ ಕುಣಿತದವರನ್ನು ನೋಡಿದ್ದೀರಲ್ಲ? ಅಷ್ಟು ದೊಡ್ಡ ಮುಖವಾಡ ಹೊತ್ತು ತಿರುಗಿ ತಿರುಗಿ ಕುಣಿಯುತ್ತಾರೆ. ನಾವು ನಾಲ್ಕು ಸುತ್ತು ತಿರುಗಿದರೆ ಬೀಳುತ್ತೇವೆ. ಅವರ ಕಿವಿ ಬೇರೆ ಮಾದರಿಯದ್ದಲ್ಲ. ಮಿದುಳಿಗೆ ಅಭ್ಯಾಸವಾಗಿದೆ.

ಆದ್ದರಿಂದ ನನ್ನ ಮಾತು ಇಷ್ಟೇ. ತಲೆ ಸ್ವಲ್ಪ ಸುತ್ತಲಿ ಬಿಡಿ. ಅಳತೆಯಲ್ಲಿ ಸುತ್ತಿಸಿಕೊಳ್ಳಿ. ಆ ಸುತ್ತೇ ಮಿದುಳಿಗೆ ಪಾಠ.

ಅಳತೆ ಅಂದರೆ ಎಷ್ಟು? ಮಕ್ಕಳ ಪರೀಕ್ಷೆಗೆ ಅಂಕ ಕೊಡುವ ಹಾಗೆ ನಿಮ್ಮ ತಲೆ ಸುತ್ತಿಗೆ ಸೊನ್ನೆಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರು, ನಾಲ್ಕು ಬರಬಹುದು. ನಿಲ್ಲಿಸಿದ ಮೇಲೆ 15, 20 ನಿಮಿಷದಲ್ಲಿ ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿದರೆ ಅಳತೆ ಸರಿ. ಮಧ್ಯಾಹ್ನದವರೆಗೂ ತಲೆ ಹಿಡಿದು ಕೂತರೆ ಜಾಸ್ತಿ ಮಾಡಿದಿರಿ, ನಾಳೆ ಅರ್ಧ ಮಾಡಿ. ಏನೂ ಅನ್ನಿಸದಿದ್ದರೆ ಕಡಿಮೆಯಾಯಿತು, ಸ್ವಲ್ಪ ಏರಿಸಿ.

ಈಗ ವ್ಯಾಯಾಮ. ಪ್ರತಿಯೊಬ್ಬರಿಗೂ ಅವರವರ ಥೆರಪಿಸ್ಟ್ ಹೇಳಿಕೊಟ್ಟದ್ದೇ ಮುಖ್ಯ. ನಾನು ಮನೆಗೆ ಸಾಮಾನ್ಯವಾಗಿ ಕೊಡುವುದನ್ನು ಮಾತ್ರ ಹೇಳುತ್ತೇನೆ.

ಒಂದು ಚೀಟಿಯಲ್ಲಿ ದಪ್ಪಗೆ ‘ಅ’ ಅಂತ ಬರೆಯಿರಿ. ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಒಂದು ಮಾರು ದೂರ ಬೇಡ, ತೋಳು ಚಾಚಿದಷ್ಟು ದೂರದಲ್ಲಿ ಕುರ್ಚಿ ಹಾಕಿ ಕೂತುಕೊಳ್ಳಿ. ಕಣ್ಣು ‘ಅ’ ಮೇಲೆ. ಈಗ ‘ಇಲ್ಲ ಇಲ್ಲ’ ಅನ್ನುವ ಹಾಗೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ. ಜಾಸ್ತಿ ಬೇಡ, ಸ್ವಲ್ಪ ಸ್ವಲ್ಪ. ಅಕ್ಷರ ಅಲುಗಾಡಬಾರದು, ಮಸುಕಾಗಬಾರದು. ಇನ್ನೇನು ಮಸುಕಾಗುತ್ತದೆ ಅನ್ನುವ ವೇಗವೇ ನಿಮ್ಮ ವೇಗ. ಒಂದು ನಿಮಿಷ. ಉಸಿರು ತಗೊಳ್ಳಿ. ಆಮೇಲೆ ‘ಹೌದು ಹೌದು’ ಅನ್ನುವ ಹಾಗೆ ಮೇಲೆ ಕೆಳಗೆ, ಒಂದು ನಿಮಿಷ. ಕಾಯಿಲೆ ಹೊಸದಾದರೆ ದಿನಕ್ಕೆ ಮೂರು ಸಲ, ಪ್ರತಿ ಸಲ ಎರಡನ್ನೂ ಎರಡೆರಡು ಬಾರಿ ಮಾಡಿ ಒಟ್ಟು 12 ನಿಮಿಷವಾದರೂ ಆಗಬೇಕು. ತಿಂಗಳುಗಟ್ಟಲೆ ಹಳೆಯದಾದರೆ ಒಟ್ಟು 20 ನಿಮಿಷ. ಒಂದೇ ಸಲ ಕೂತು ಮುಗಿಸಿಬಿಡುತ್ತೇನೆ ಅನ್ನಬೇಡಿ. ಬೆಳಗ್ಗೆ ಕಾಫಿಗೆ ಮುಂಚೆ, ಊಟಕ್ಕೆ ಮುಂಚೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಹಂಚಿಕೊಳ್ಳಿ. ಹೊಟ್ಟೆ ತುಂಬ ಮುದ್ದೆ ಉಂಡು ತಕ್ಷಣ ಮಾಡಿದರೆ ಉಂಡದ್ದು ಹೊರಗೆ ಬರುತ್ತದೆ. ನೋಡಿದ್ದೇನೆ.

ಕೂತು ಸುಲಭವಾದ ಮೇಲೆ ನಿಂತು ಮಾಡಿ. ಆಮೇಲೆ ಎರಡು ಪಾದ ಕೂಡಿಸಿ ನಿಂತು. ಅದೂ ಸುಲಭವಾಯಿತೋ, ‘ಅ’ ಚೀಟಿಯ ಹಿಂದೆ ಒಂದು ಚೌಕಳಿ ಲುಂಗಿ ನೇತುಹಾಕಿ. ಈಗ ನಗುತ್ತಿದ್ದೀರಿ, ಮಾಡಿ ನೋಡಿ, ನಗು ಬರುವುದಿಲ್ಲ! ಚೌಕ ಚೌಕವಾದ ಬಟ್ಟೆ ಹಿಂದಿದ್ದರೆ ಕಣ್ಣಿಗೆ ಗೊಂದಲ. ಮಂಡಿಪೇಟೆಯ ಗಿಜಿಗಿಜಿಯಲ್ಲಿ ನಡೆದರೆ ತಲೆ ದಿಮ್ಮೆನ್ನುತ್ತದೆ ಅಂತ ಹೇಳುತ್ತೀರಲ್ಲ, ಅದರ ತಯಾರಿ ಈ ಲುಂಗಿಯಿಂದ ಶುರು.

ಎರಡನೆಯದು ನಿಲ್ಲುವುದು. ನಿಂತರೆ ಅದೇನು ವ್ಯಾಯಾಮ ಅನ್ನಿಸಬಹುದು. ನಾವು ಬೀಳದೆ ನಿಲ್ಲುವುದು ಮೂರು ಕಡೆಯ ಸುದ್ದಿ ಕೇಳಿಕೊಂಡು: ಕಿವಿ, ಕಣ್ಣು, ಪಾದ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ. ಕಿವಿಯೂ ಸೋತಿದ್ದರೆ ಉಳಿಯುವುದು ಕಣ್ಣು ಒಂದೇ. ಅಂಥವರು ಹಗಲು ಚೆನ್ನಾಗಿ ಓಡಾಡುತ್ತಾರೆ, ಕರೆಂಟ್ ಹೋದ ಕೂಡಲೇ ಬೀಳುತ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಬಚ್ಚಲಲ್ಲಿ ಬೀಳುತ್ತಾರೆ.

ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿ. ಮುಂದೆ ಗಟ್ಟಿಯಾದ ಕುರ್ಚಿ ಇರಲಿ, ಪ್ಲಾಸ್ಟಿಕ್ ಬೇಡ, ಅದು ಜಾರುತ್ತದೆ. ಮೂಲೆಯಲ್ಲಿ ನಿಂತರೆ ಯಾವ ಕಡೆ ವಾಲಿದರೂ ಗೋಡೆ ಹಿಡಿಯುತ್ತದೆ. ಪಾದ ಕೂಡಿಸಿ 30 ಸೆಕೆಂಡ್. ಆಮೇಲೆ ಒಂದು ಪಾದ ಅರ್ಧ ಮುಂದೆ. ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಒಂದೇ ಗೆರೆಯ ಮೇಲೆ. ಇದು ಬಂದ ಮೇಲೆ ಮತ್ತೆ ಪಾದ ಕೂಡಿಸಿ ನಿಂತು ಕಣ್ಣು ಮುಚ್ಚಿ. ಅದೂ ಬಂದರೆ ಕಣ್ಣು ಬಿಟ್ಟುಕೊಂಡು ಮಡಿಸಿದ ಹಾಸಿಗೆಯ ಮೇಲೆ. ಒಂದು ಸಲಕ್ಕೆ ಒಂದನ್ನೇ ಕಷ್ಟ ಮಾಡಿಕೊಳ್ಳಿ. ಹಾಸಿಗೆಯ ಮೇಲೂ ನಿಂತು, ಕಣ್ಣೂ ಮುಚ್ಚಿ, ತಲೆಯನ್ನೂ ತಿರುಗಿಸಿ ಅಂತ ಮೊದಲನೇ ವಾರವೇ ಸಾಹಸ ಮಾಡಿದ ನಿವೃತ್ತ ಮೇಷ್ಟ್ರೊಬ್ಬರು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ‘ಫಸ್ಟ್ ಕ್ಲಾಸಿನಲ್ಲಿ ಪಾಸಾಗೋಣ ಅಂತ ಇದ್ದೆನಮ್ಮ’ ಅಂದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕಣ್ಣು ಮುಚ್ಚುವ ವ್ಯಾಯಾಮ ಬೇಡ.

ಮೂರನೆಯದು ನಡಿಗೆ. ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೊದಲು ಮನೆಯ ಹಜಾರ, ಆಮೇಲೆ ಬೀದಿ, ಆಮೇಲೆ ಅಮಾನಿಕೆರೆಯ ನಡಿಗೆ ದಾರಿ. ಜೋಲಿ ಹೊಡೆಯದೆ ನಡೆಯಲು ಬಂದ ಮೇಲೆ ಮೂರು ಹೆಜ್ಜೆಗೊಂದು ಸಲ ತಲೆ ಎಡಕ್ಕೆ, ಮತ್ತೆ ಮೂರು ಹೆಜ್ಜೆಗೆ ಬಲಕ್ಕೆ. ಎಡಕ್ಕೆ ನೋಡಿದರೆ ಕೆರೆ, ಬಲಕ್ಕೆ ನೋಡಿದರೆ ಜನ. ಯಾರಾದರೂ ವಿಚಿತ್ರವಾಗಿ ನೋಡಿದರೆ ನಮಸ್ಕಾರ ಮಾಡಿ ಮುಂದೆ ಹೋಗಿ. ದೇವಸ್ಥಾನದ ಪ್ರದಕ್ಷಿಣೆಯೂ ಒಳ್ಳೆಯದೇ, ಅಸಮವಾದ ಕಲ್ಲುಹಾಸು ಪಾದಕ್ಕೆ ಪಾಠ. ಆದರೆ ಉರುಳು ಸೇವೆಯ ಹರಕೆ ಇದ್ದರೆ ದೇವರಲ್ಲಿ ಸ್ವಲ್ಪ ಗಡುವು ಕೇಳಿ. ಹರಳಿನ ತೊಂದರೆ ಇದ್ದವರಿಗೆ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ.

ಸುಧಾರಿಸಿದ್ದೀರೋ ಇಲ್ಲವೋ ಅಂತ ನೀವೇ ಅಳೆಯಬಹುದು. ಕುರ್ಚಿಯಿಂದ 10 ಅಡಿ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕುರ್ಚಿಯಿಂದ ಎದ್ದು, ಮಾಮೂಲಿ ವೇಗದಲ್ಲಿ ನಡೆದು, ಗೆರೆ ಮುಟ್ಟಿ, ತಿರುಗಿ ಬಂದು ಕೂರಬೇಕು. ಮೊಮ್ಮಗಳ ಕೈಗೆ ಮೊಬೈಲು ಕೊಟ್ಟು ಟೈಮ್ ನೋಡಿಸಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ ವಾರಕ್ಕೊಮ್ಮೆ ಬರೆದಿಡಿ.

ಈಗ ಸ್ವಲ್ಪ ಬೈಯುತ್ತೇನೆ. ತಲೆ ಸುತ್ತಿನ ಮಾತ್ರೆ. ನಿಮ್ಮಲ್ಲಿ ಎಷ್ಟೋ ಜನರ ಚೀಲದಲ್ಲಿ ಈಗಲೂ ಇದೆ, ನನಗೆ ಗೊತ್ತು. ವಾಂತಿ, ತೀವ್ರ ಸುತ್ತು ಇದ್ದ ಮೊದಲ ಕೆಲವು ದಿನಕ್ಕೆ ಆ ಮಾತ್ರೆ ಬೇಕು. ತೊಂದರೆ ಆಮೇಲೆ. ಪ್ರೋಕ್ಲೋರ್‌ಪೆರಜಿನ್, ಸಿನ್ನಾರಿಜಿನ್ ಥರದ ಮಾತ್ರೆಗಳು ಮಿದುಳಿಗೆ ಬರುವ ಸುದ್ದಿಯನ್ನೇ ಅದುಮುತ್ತವೆ. ಗಾಡಿ ಹೊಡೆಯುವವನಿಗೆ ಜೋಂಪು ಹತ್ತಿಸಿದರೆ ಅವನು ಕಲಿಯುವುದು ಯಾವಾಗ? ವಯಸ್ಸಾದವರು ವರ್ಷಗಟ್ಟಲೆ ನುಂಗಿದರೆ ಕೈ ನಡುಕ, ಮೈ ಬಿಗಿತ, ಹೆಜ್ಜೆ ಎಳೆಯುವುದು ಶುರುವಾಗಬಹುದು. ನೋಡಿದರೆ ಪಾರ್ಕಿನ್ಸನ್ ಕಾಯಿಲೆ ಬಂದ ಹಾಗೇ ಇರುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತಿಂಗಳು ತಿಂಗಳು ತಗೊಳ್ಳುವವರು ಒಂದು ಸಲ ವೈದ್ಯರ ಹತ್ತಿರ ಹೋಗಿ ‘ಇದು ಇನ್ನೂ ಬೇಕಾ?’ ಅಂತ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಬಿಪಿ ಮಾತ್ರೆಯನ್ನಂತೂ ನನ್ನ ಮಾತು ಕೇಳಿ ಬಿಟ್ಟೆ ಅನ್ನಬೇಡಿ.

ಬಿಪಿ ಅಂದ ಮೇಲೆ ನೆನಪಾಯಿತು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಇಳಿದರೆ ಕಣ್ಣು ಕತ್ತಲೆ ಬರುವುದಕ್ಕೆ ಅದೇ ಕಾರಣ ಇರಬಹುದು. ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿಸಿ. ಕೂತಾಗ ಮಾತ್ರ ನೋಡಿದರೆ ಸಿಕ್ಕುವುದಿಲ್ಲ. ಬೆಳಗ್ಗೆ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ.

ಮನೆಯವರಿಗೂ ಒಂದು ಮಾತು. ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಡಿ. ಅವರ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಿ. ಬೇಕಾದರೆ ಅವರೇ ನಿಮ್ಮನ್ನು ಹಿಡಿಯಲಿ. ಲೋಟ ಅವರೇ ಎದ್ದು ತಗೊಳ್ಳಲಿ. ಸೊಪ್ಪು ಬಿಡಿಸುವುದು, ಬಟ್ಟೆ ಒಣಹಾಕುವುದು, ಗಿಡಕ್ಕೆ ನೀರು ಹಾಕುವುದು, ಇವುಗಳಲ್ಲೆಲ್ಲ ತಲೆ ಬಗ್ಗುತ್ತದೆ, ಏಳುತ್ತದೆ, ತಿರುಗುತ್ತದೆ. ಬೇರೆ ವ್ಯಾಯಾಮ ಯಾಕೆ! ಒಲೆಯ ಮುಂದೆ ಮುದ್ದೆ ತಿರುವುವುದನ್ನು ಮಾತ್ರ ಕೆಲವು ದಿನ ಬೇರೆಯವರಿಗೆ ಬಿಡಿ. ಅಟ್ಟದಿಂದ ಪಾತ್ರೆ ಇಳಿಸುವುದು, ಸ್ಟೂಲ್ ಹತ್ತಿ ಫ್ಯಾನ್ ಒರೆಸುವುದು ಬೇಡವೇ ಬೇಡ. ತೆಂಗಿನ ತೋಟದವರು ಇದ್ದೀರಿ. ಗೊನೆ ನೋಡಲು ಕತ್ತು ಹಿಂದಕ್ಕೆ ಚೆಲ್ಲಿ ನಿಲ್ಲುತ್ತೀರಲ್ಲ, ಮರಕ್ಕೆ ಕೈ ಕೊಟ್ಟು ನೋಡಿ. ಅಡಿಕೆ ಮರ ಹತ್ತುವವರು ವೈದ್ಯರು ಒಪ್ಪುವವರೆಗೆ ಹತ್ತಬೇಡಿ. ಸ್ಕೂಟರಿಗೂ ಅದೇ ಮಾತು.

ಮನೆಯೊಳಗೆ ಜಾಸ್ತಿ ಏನೂ ಮಾಡಬೇಕಿಲ್ಲ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಒಂದು ಸಣ್ಣ ಬಲ್ಬು. ಬಚ್ಚಲಲ್ಲಿ ಗೋಡೆಗೆ ಕೂರಿಸಿದ ಹಿಡಿ. ಟವೆಲ್ ಹಾಕುವ ಸರಳನ್ನು ಹಿಡಿದರೆ ಅದು ಕಿತ್ತು ಬರುತ್ತದೆ. ಎಣ್ಣೆ ಸ್ನಾನ ಮಾಡಿದ ದಿನ ಕೂತು ಮಾಡಿ, ಎದ್ದು ಬರುವ ಮೊದಲು ನೆಲಕ್ಕೆ ಸೀಗೆಪುಡಿ ನೀರೋ ಸೋಪಿನ ನೀರೋ ಹಾಕಿಸಿ ತೊಳೆಸಿ. ಕಾಲೊರೆಸುವ ಹಳೇ ಸೀರೆ ತುಂಡು ಜಾರುತ್ತದೆ, ತೆಗೆಯಿರಿ. ಬೈಫೋಕಲ್ ಕನ್ನಡಕದವರು ಮೆಟ್ಟಿಲು ಇಳಿಯುವಾಗ ಗಲ್ಲ ಸ್ವಲ್ಪ ತಗ್ಗಿಸಿ ಮೇಲಿನ ಗಾಜಿನಿಂದ ಮೆಟ್ಟಿಲು ನೋಡಿ. ಕೆಳಗಿನ ಗಾಜು ಓದುವುದಕ್ಕೆ, ಅದರಲ್ಲಿ ಮೆಟ್ಟಿಲು ಮಸುಕು.

ಹರಳಿನ ತೊಂದರೆ ಮತ್ತೆ ಬರುತ್ತದಾ? ಬರಬಹುದು. ಐದು ವರ್ಷದೊಳಗೆ ಹೆಚ್ಚು ಕಡಿಮೆ ಅರ್ಧ ಜನಕ್ಕೆ ಮತ್ತೊಮ್ಮೆ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಮತ್ತೆ ಬಂದರೆ ಮತ್ತೆ ಹತ್ತು ನಿಮಿಷದ ಕೆಲಸ. ವಿಟಮಿನ್ ಡಿ ಕಡಿಮೆ ಇದೆಯಾ ಅಂತ ಒಮ್ಮೆ ನೋಡಿಸಿಕೊಳ್ಳಿ. 2020ರಲ್ಲಿ ಕೊರಿಯಾದಿಂದ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಕೊರತೆ ಇದ್ದವರಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಯಿತು. ಇನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ನೀವೇ ಹರಳು ಕೂರಿಸುವ ವಿಷಯ. ಯಾವ ಕಿವಿ, ಯಾವ ನಾಳ ಅಂತ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು, ನಿಮ್ಮ ಥೆರಪಿಸ್ಟ್ ಎದುರಿಗೇ ಕಲಿತಿದ್ದರೆ ಮಾಡಿ. ಬಲಗಿವಿಗೆ ಮಾಡಬೇಕಾದ್ದನ್ನು ಎಡಕ್ಕೆ ಮಾಡಿ ಫಲವಿಲ್ಲ. ಕುತ್ತಿಗೆ ಸವೆತ ಇದ್ದವರು, ಕಣ್ಣಿನ ಪರದೆಗೆ ಆಪರೇಷನ್ ಆದವರು ಕೇಳದೆ ಮಾಡಲೇಬೇಡಿ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸುತ್ತಾರಲ್ಲ, ಅದನ್ನು ಯಾವ ವಯಸ್ಸಿನವರೂ ಮಾಡಿಸಿಕೊಳ್ಳಬೇಡಿ.

‘ಸ್ವಲ್ಪ ಸುತ್ತಲಿ ಬಿಡಿ’ ಅಂದೆ. ಬಿಡಬಾರದ ಸುತ್ತೂ ಇದೆ. ತಲೆ ಸುತ್ತಿನ ಜೊತೆ ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈ ಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಸಿಡಿದರೆ, ಆಸರೆ ಇಲ್ಲದೆ ನಿಲ್ಲಲೇ ಆಗದಿದ್ದರೆ, ಅದು ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ನಿಂಬೆಹಣ್ಣು ಮೂಸಿಸಿಕೊಂಡು, ದೃಷ್ಟಿ ತೆಗೆಸಿಕೊಂಡು ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ ಅವತ್ತೇ, ತಪ್ಪಿದರೆ ಮಾರನೇ ದಿನ, ಕಿವಿ ವೈದ್ಯರ ಹತ್ತಿರ ಹೋಗಿ. ಮೇಣ ಕಟ್ಟಿದೆ ಅಂತ ಎಣ್ಣೆ ಬಿಟ್ಟುಕೊಂಡು ವಾರ ಕಳೆದ ಕೆಲವರ ಕಿವಿ ವಾಪಸ್ ಬಂದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಚಿಕಿತ್ಸೆ ಆಗಿ ಎರಡು ತಿಂಗಳಾಯಿತು, ಚೆನ್ನಾಗಿದ್ದೇನೆ, ದೇವರಾಯನದುರ್ಗಕ್ಕೆ ಹೋಗಬಹುದಾ, ಮಕ್ಕಳು ಬೇಡ ಅನ್ನುತ್ತಾರೆ ಅಂತ. ಹೋಗಿ. ಘಾಟಿಯ ತಿರುವಿನಲ್ಲಿ ಕಾರಿನ ಮುಂದಿನ ಸೀಟಲ್ಲಿ ಕೂತು ರಸ್ತೆ ನೋಡಿ, ಮೊಬೈಲು ನೋಡಬೇಡಿ. ಹೊಟ್ಟೆ ಖಾಲಿ ಇರುವುದೂ ಬೇಡ, ಕ್ಯಾತ್ಸಂದ್ರದಲ್ಲಿ ನಾಲ್ಕು ತಟ್ಟೆ ಇಡ್ಲಿ ಹೊಡೆಯುವುದೂ ಬೇಡ. ಈ ಸಲ ಕೆಳಗಿನ ಭೋಗನರಸಿಂಹ ಸಾಕು. ಗೋಪುರ ನೋಡುವಾಗ ಮಗನ ಭುಜಕ್ಕೆ ಕೈ ಕೊಟ್ಟು ನೋಡಿ. ಸಾಷ್ಟಾಂಗ ಬೇಡ, ನಿಂತೇ ಕೈ ಮುಗಿಯಿರಿ. ಅದು ಸಲೀಸಾದರೆ ಮುಂದಿನ ಸಲ ಮೇಲಿನ ಯೋಗನರಸಿಂಹ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಆಸರೆ ಇರುವ ಕಡೆಯಿಂದ ಇಳಿಯಿರಿ. ಮಕ್ಕಳಿಂದ ಬೇಡ ಅನ್ನಿಸಿಕೊಳ್ಳಬೇಡಿ, ಜೊತೆಗೇ ಕರೆದುಕೊಂಡು ಹೋಗಿ. ಅರ್ಧ ಹೆಜ್ಜೆ ಹಿಂದೆ ಇರಲಿ.